ಮಂತ್ರವಿಲ್ಲದ ಕಾವು

ಭೀಮಬಾಯಿಗೆ ತನ್ನನ್ನು ತಾನೇ ಬೈದುಕೊಳ್ಳುವ ಅಭ್ಯಾಸ ಮೊದಲಿನಿಂದ ಇದ್ದದ್ದಲ್ಲ. ಆ ಕೆಲಸಕ್ಕೆ ಮನೆಯಲ್ಲಿ ಬೇರೊಬ್ಬರಿದ್ದರು. ಗಂಡ ಭೀಮಶ್ಯಾ ವಾಡಿ ಜಂಕ್ಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದವನು. ಹಳಿಯಲ್ಲಿ ಬಿರುಕು ಹುಡುಕುತ್ತಿದ್ದ ಕಣ್ಣು ಕೆಲಸವಿಲ್ಲದೆ ಸುಮ್ಮನಿರಲಾರದೆ ಹೆಂಡತಿಯ ಮೇಲೆ ಬಿದ್ದಿತ್ತು. "ನಿನಗ ಶಾಣೇತನ ಭಾಳ ಅದ ಬಾಯಿ. ಅದರ ಸಂಗಾಟ ಚೂರು ಬುದ್ಧಿನೂ ಇದ್ದಿದ್ರ ಎಷ್ಟು ಚಂದಿತ್ತು!" ಎಂದು ಅವಳ ಜಾಣತನವನ್ನು ದಿನಕ್ಕೊಮ್ಮೆಯಾದರೂ ಆಡಿಕೊಂಡು ನಗುತ್ತಿದ್ದ.

ಹೋದ ವರ್ಷ ಬುದ್ಧ ಪೂರ್ಣಿಮೆ ಕಳೆದ ವಾರದಲ್ಲಿ ಅವನು ಮಧ್ಯಾಹ್ನ ಉಂಡು ಒರಗಿದವನು ಏಳಲಿಲ್ಲ. ಜನ ಬಂದರು, ಅತ್ತರು, ಎಲ್ಲವೂ ಅನಿತ್ಯ ಎಂದು ಸಮಾಧಾನ ಹೇಳಿದರು. ಆದರೆ ಅವಳನ್ನು ಬೈಯುವವರು ಮಾತ್ರ ಯಾರೂ ಬರಲಿಲ್ಲ. ಗಂಡ ಸತ್ತವಳನ್ನು ಯಾರು ಬೈಯುತ್ತಾರೆ? ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ಮಗ ಸೊಸೆ ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಆ ಮೌನ ಅವಳಿಗೆ ಸಾವಿಗಿಂತ ಭಾರವಾಯಿತು. ಕೊನೆಗೆ ಒಂದು ದಿನ ಉಪ್ಪಿನ ಸಾರನ್ನು ತಾನೇ ಬಾಯಿಗಿಟ್ಟು, "ಏನ್ ಶಾಣ್ಯಾಕಿ ನೀ ಬಾಯಿ!" ಎಂದು ಗಂಡನ ಧಾಟಿಯಲ್ಲೇ ಹೇಳಿಕೊಂಡಳು. ಎದೆ ಸ್ವಲ್ಪ ಹಗುರಾಯಿತು. ಅಂದಿನಿಂದ ಆ ಹುದ್ದೆಯನ್ನು ಅವಳೇ ವಹಿಸಿಕೊಂಡಳು.

ಹಾಗೆ ನೋಡಿದರೆ ಭೀಮಬಾಯಿ ಸಣ್ಣ ಮನುಷ್ಯಳಲ್ಲ. ಓಣಿಯ ಬುದ್ಧ ವಿಹಾರದಲ್ಲಿ ಭಾನುವಾರದ ವಂದನೆ ಅವಳ ದನಿಯಿಲ್ಲದೆ ಶುರುವಾಗುತ್ತಿರಲಿಲ್ಲ. ತ್ರಿಶರಣ, ಪಂಚಶೀಲ ಹೇಳಿಸಿದ ಮೇಲೆ ಐದು ನಿಮಿಷ ಮಾತಾಡುವುದು ಅವಳ ಹಕ್ಕು. ಆ ಐದು ನಿಮಿಷ ಅರ್ಧ ತಾಸಾಗುವುದು ಕೇಳುವವರ ಪಾಡು. ತಾಯತ ಕಟ್ಟಬಾರದು, ಮಂತ್ರ ಹಾಕಿಸಬಾರದು, ಹೊಟ್ಟೆನೋವು ಎಂದು ಕೂಸುಗಳಿಗೆ ಬರೆ ಹಾಕಬಾರದು ಎಂದು ಅವಳಷ್ಟು ಹೇಳಿದವರು ಚಿತ್ತಾಪುರ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಒಮ್ಮೆ ಕಾಳಗಿ ಕಡೆಯ ಹಳ್ಳಿಯೊಂದರಲ್ಲಿ ಹೊಟ್ಟೆ ಉಬ್ಬಿ ಅಳುತ್ತಿದ್ದ ಕೂಸಿಗೆ ಮುದುಕಿಯೊಬ್ಬಳು ಬರೆ ಹಾಕಲು ಸೂಜಿ ಕಾಸುತ್ತಿದ್ದಳು. ಭೀಮಬಾಯಿ ಆ ಸೂಜಿಯನ್ನು ಕಸಿದು ಬಾವಿಗೆ ಎಸೆದು ಬಂದಿದ್ದಳು. ಈ ಕಥೆಯನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ವರ್ಷ ಕಳೆದಂತೆ ಸೂಜಿ ಬೆಳೆದು ಸಲಾಕೆಯಾಗಿ, ಸಲಾಕೆ ಬೆಳೆದು ಕುಡುಗೋಲಾಗಿತ್ತು.

ಇಂಥವಳ ಮನೆಗೇ ಹೊಟ್ಟೆನೋವು ಬಂತು.

ಸೊಸೆ ಲುಂಬಿನಿ ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರು. ಮದುವೆಯಾಗಿ ಆರು ವರ್ಷವಾಗಿತ್ತು. ಒಮ್ಮೆ ಬಸಿರಾಗಿ ಮೂರು ತಿಂಗಳಿಗೆ ಹೋಗಿತ್ತು. ಆಮೇಲೆ ಮುಟ್ಟು ಬಂದರೆ ನಿಲ್ಲುವುದೇ ಮರೆತಂತಾಯಿತು. ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಒಂದು ದಿನ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತವಳು ನಿಂತಲ್ಲೇ ಕುಸಿದಳು. ಕಲಬುರಗಿಗೆ ಒಯ್ದು ರಕ್ತ ಏರಿಸಿದರು. ಸ್ಕ್ಯಾನ್ ಮಾಡಿದಾಗ ಗರ್ಭಚೀಲದ ಗೋಡೆಯಲ್ಲಿ ಪೇರಲಹಣ್ಣಿನಷ್ಟು ದೊಡ್ಡ ಗಡ್ಡೆ ಕಂಡಿತು. ಫೈಬ್ರಾಯ್ಡ್, ಕ್ಯಾನ್ಸರ್ ಏನಲ್ಲ, ಆದರೆ ರಕ್ತ ಹೋಗುತ್ತಿರುವುದು ಅದರಿಂದಲೇ ಎಂದರು.

ಓಣಿಗೆ ಇದು ಹೊಸ ಸುದ್ದಿಯಲ್ಲ. "ಚೀಲ ತೆಗಸಿಬಿಡ್ರಿ, ಪೀಡಾ ಹೋಗ್ತದ" ಎಂದು ಬಂದವರೆಲ್ಲ ಹೇಳಿದರು. ತೆಗೆಸಿಕೊಂಡವರು ತಮ್ಮ ಹೊಲಿಗೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಬೆರಳಿನಿಂದ ತೋರಿಸಿದರು. ಸೇಡಂನ ಒಂದು ದವಾಖಾನೆಯ ಹೆಸರು ಎಲ್ಲರ ಬಾಯಲ್ಲೂ ಇತ್ತು. ಎಲ್ಲರಿಗಿಂತ ಮೊದಲು ಹಾಗೆ ಹೇಳಿದವಳು ಭೀಮಬಾಯಿಯೇ. ಆಗ ಲುಂಬಿನಿ ಹಾಸಿಗೆಯಿಂದ ತಲೆಯೆತ್ತಿ, "ಅತ್ತಿ, ಅದು ನನ್ನ ಒಳಗಿನ ಚೀಲ ರೀ. ಸಂತಿ ಚೀಲ ಅಲ್ಲ, ಹರೀತಂದ್ರ ಒಗಿಲಿಕ್ಕೆ" ಎಂದಳು.

ಭೀಮಬಾಯಿ ಬಾಯಿ ಮುಚ್ಚಿದಳು. ಅದು ಅವಳ ಜನ್ಮದಲ್ಲಿ ಅಪರೂಪದ ಘಟನೆ.

ಮಗ ಸುರೇಶಕುಮಾರ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ದುಡಿಯುವವನು, ಮಾತು ಕಡಿಮೆ. ಹೆಂಡತಿ ಶಾಲೆಯಲ್ಲಿ ಬಿದ್ದಳು ಎಂದು ಫೋನು ಬಂದ ದಿನದ ಹೆದರಿಕೆ ಅವನ ಮುಖದಿಂದ ಇನ್ನೂ ಇಳಿದಿರಲಿಲ್ಲ. "ನನಗ ಮಕ್ಕಳು ಬ್ಯಾಡ. ಈಕಿ ಇದ್ರ ಸಾಕು. ಲಗೂನ ತೆಗಸೂಣ" ಎಂದು ಅವನೂ ಹೇಳಿದ. ಅದರಲ್ಲಿ ಕೆಟ್ಟತನವಿರಲಿಲ್ಲ, ಇದ್ದದ್ದು ಬರೀ ಭಯ. ಭಯಕ್ಕೆ ಯಾವಾಗಲೂ ಹತ್ತಿರದ ದಾರಿಯೇ ಬೇಕು.

ಲುಂಬಿನಿ ಮಾತ್ರ ಹಟ ಹಿಡಿದಳು. ಕಲಬುರಗಿಯ ಡಾಕ್ಟರೇ ಹೈದರಾಬಾದಿನ ಒಂದು ಆಸ್ಪತ್ರೆಯ ವಿಚಾರ ಹೇಳಿದ್ದರು. ಅಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಕಿವಿಗೆ ಕೇಳದಂಥ ಶಬ್ದದ ಅಲೆಗಳನ್ನು ಹೊರಗಿನಿಂದ ಬಿಟ್ಟು ಗಡ್ಡೆಯನ್ನು ಒಳಗೇ ಸುಡುತ್ತಾರೆ. ಅತ್ತೆ ಸೊಸೆ ಹೋಗಿ ಬಂದರು. ಅಲ್ಲಿಯ ಡಾಕ್ಟರಮ್ಮ ಚಿಂಚೋಳಿ ಕಡೆಯವಳು; ಅರ್ಧ ತೆಲುಗಿನ ಎಳೆತವಿದ್ದ ಕನ್ನಡದಲ್ಲಿ ತಿಳಿಸಿ ಹೇಳಿದಳು. "ಬಿಸಿಲಾಗ ಭೂತಗನ್ನಡಿ ಹಿಡದ್ರ ಕಾಗದ ಸುಡ್ತದಲ್ಲಮ್ಮಾ? ಗಾಜು ಸುಡಂಗಿಲ್ಲ, ನಡುವಿನ ಗಾಳಿ ಸುಡಂಗಿಲ್ಲ. ಕಿರಣ ಎಲ್ಲಾ ಕೂಡಿದ ಜಾಗ ಒಂದೇ ಸುಡ್ತದ. ಹಂಗೇ ಇದೂ. ಚರ್ಮ ದಾಟಿ ಹೋಗಿ ಗಡ್ಡಿ ಒಳಗ ಒಂದು ಕಡಿ ಕೂಡ್ತದ." ಎಲ್ಲ ಗಡ್ಡೆಗೂ ಇದು ಬರುವುದಿಲ್ಲ, ಆದರೆ ಲುಂಬಿನಿಯ ಗಡ್ಡೆ ಇರುವ ಜಾಗಕ್ಕೆ ಬರುತ್ತದೆ ಎಂದಳು. ಚೀಲ ಉಳಿಯುತ್ತದೆ, ಮಗುವಿನ ಮಾತು ತಾನು ಕೊಡಲಾರೆ ಎಂದೂ ಬಿಡಿಸಿ ಹೇಳಿದಳು. ಒಂದೇ ಕಟ್ಟಪ್ಪಣೆ: ಹೊಟ್ಟೆಯ ಚರ್ಮ ಚೊಕ್ಕಟವಾಗಿರಬೇಕು. ಎಣ್ಣೆ, ಮುಲಾಮು ಏನೂ ಹಚ್ಚಬಾರದು. ಗಾಯವೋ ಕಲೆಯೋ ಆದರೆ ಶಬ್ದ ಅಲ್ಲೇ ಸಿಕ್ಕಿಕೊಂಡು ಚರ್ಮವನ್ನೇ ಸುಡುತ್ತದೆ.

ಸುರೇಶಕುಮಾರ ಒಪ್ಪಿದ, ಆದರೆ ಗಂಟು ಹಾಕಿ ಒಪ್ಪಿದ. "ಇದೊಂದ್ ಸಲ ನೋಡೂಣ. ಇದು ಆಗಲಿಲ್ಲಂದ್ರ ಸೇಡಂಗ ಹೋಗೂದೇ. ಮತ್ತ ನನ್ನ ಮುಂದ ಅಳಬ್ಯಾಡ."

ಮುಂದಿನ ಭಾನುವಾರ ವಿಹಾರದಲ್ಲಿ ಭೀಮಬಾಯಿಯ ಐದು ನಿಮಿಷಕ್ಕೆ ಹೊಸ ವಿಷಯ ಸಿಕ್ಕಿತು. ಭೂತಗನ್ನಡಿ, ಕಿರಣ, ಕಾಗದ ಎಲ್ಲವನ್ನೂ ಅವಳು ತಾನೇ ಕಂಡುಹಿಡಿದವಳಂತೆ ವಿವರಿಸಿದಳು. ಮನೆಗೆ ಬರುವಾಗ ಪಕ್ಕದ ಮನೆಯ ನಜಮುನ್ನೀಸಾ ತನ್ನ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು. ಪರಸ್ಪರ ಮರ್ಯಾದೆ ಕೊಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

"ಆವಾಜ್ ಬಿಟ್ಟು ಗಡ್ಡಿ ಕರಗಸ್ತಾರಂತಲ್ಲ ಬಾಯಿ, ಖರೇ ಏನ? ಹಂಗಾದ್ರ ಹೈದರಾಬಾದ್ ತನಾ ಯಾಕ ಹೋಗ್ತೀರಿ? ಮದಿವಿ ಮೆರವಣಿಗಿ ಡಿಜೆ ಮುಂದ ಸೊಸೀನ ನಿಂದ್ರಸು. ನಮ್ಮ ಮನಿ ಗ್ವಾಡೀನೇ ನಡಗ್ತಾವ, ಗಡ್ಡಿ ಏನ್ ಮಹಾ!"

"ನಿನಗ ವಿಜ್ಞಾನ ತಿಳಿಯಂಗಿಲ್ಲ, ಸೊಪ್ಪು ಬಿಡಸು" ಎಂದು ಭೀಮಬಾಯಿ ಗತ್ತಿನಿಂದ ಒಳಗೆ ಹೋದಳು. ಆ ಗತ್ತನ್ನು ನೆನೆದರೆ ಆಮೇಲೆ ಅವಳಿಗೆ ಮೈಯೆಲ್ಲ ನಾಚಿಕೆಯಾಗುತ್ತಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಲುಂಬಿನಿಗೆ ಕೆಳಹೊಟ್ಟೆ ಹಿಂಡತೊಡಗಿತು. ಸುರೇಶಕುಮಾರ ಪಾಳಿಗೆ ಹೋಗಿದ್ದ. ನೋವಿನ ಗುಳಿಗೆ ನುಂಗಿ ಅವಳು ಮುದುಡಿ ಮಲಗಿದಳು. ಬಿಸಿನೀರಿನ ರಬ್ಬರ್ ಚೀಲ ತರಲು ಹೋದರೆ ಅದರ ಬಾಯಿ ಸೋರುತ್ತಿತ್ತು. ಭೀಮಬಾಯಿ ಅಡುಗೆಮನೆಯಲ್ಲಿ ನಿಂತು ಯೋಚಿಸಿದಳು. ಯೋಚಿಸದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳ ತರ್ಕ ಹೀಗಿತ್ತು. ಡಾಕ್ಟರಮ್ಮ ನಾಡಿದ್ದು ಗಡ್ಡೆಯನ್ನು ಒಳಗೆ ಕಾಸುತ್ತಾಳೆ. ಇಂದೇ ಹೊರಗಿನಿಂದ ತುಸು ಕಾಸಿಟ್ಟರೆ ಗಡ್ಡೆ ಮೆತ್ತಗಾಗಿ ಅವಳ ಕೆಲಸ ಹಗುರಾಗುವುದಿಲ್ಲವೆ? ತೊಗರಿಬೇಳೆಯನ್ನು ನೆನೆಸಿಟ್ಟರೆ ಬೇಗ ಬೇಯುವುದಿಲ್ಲವೆ? ಡಾಕ್ಟರಮ್ಮ ಹಚ್ಚಬೇಡಿ ಎಂದಿದ್ದಾಳೆ. ಇದು ಹಚ್ಚುವುದಲ್ಲ, ಇಡುವುದು. ಇನ್ನು ಬರೆ ಎನ್ನೋಣವೆಂದರೆ, ಇದರಲ್ಲಿ ಮಂತ್ರವಿಲ್ಲ. ಮಂತ್ರವಿಲ್ಲದ್ದರಿಂದ ಇದು ವಿಜ್ಞಾನ.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಹಾಸಿ ಉಳಿದ ಶಹಾಬಾದ ಕಲ್ಲಿನ ಚೂರೊಂದು ಬಿದ್ದಿತ್ತು, ಅಂಗೈಯಗಲ, ನುಣ್ಣಗೆ. ಅದನ್ನು ತೊಳೆದು ಒಲೆಯ ಮೇಲಿಟ್ಟು ಕಾಸಿದಳು. ಗಂಡನ ಹಳೆಯ ಟವೆಲಿನಲ್ಲಿ ಸುತ್ತಿದಳು. ಸುಡುತ್ತದೆಯೋ ಇಲ್ಲವೋ ಎಂದು ಜವಾಬ್ದಾರಿಯಿಂದ ತನ್ನ ಅಂಗೈಯ ಮೇಲಿಟ್ಟು ನೋಡಿದಳು. ಬೆಚ್ಚಗೆ ಹಿತವಾಗಿತ್ತು. ನಲವತ್ತು ವರ್ಷ ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ಬಡಿದು, ಬರಿಗೈಯಲ್ಲಿ ಹೊರಳಿಸಿದ ಅಂಗೈ ಅದು. ಅದಕ್ಕೆ ಕೆಂಡವೂ ಬೆಚ್ಚಗೆ ಹಿತವಾಗಿಯೇ ಇರುತ್ತಿತ್ತೆಂಬುದು ಅವಳಿಗೆ ಆಗ ಹೊಳೆಯಲಿಲ್ಲ.

"ಅತ್ತಿ, ಡಾಕ್ಟರು ಏನೂ ಬ್ಯಾಡ ಅಂದಾರ" ಎಂದಳು ಲುಂಬಿನಿ, ಅರೆನಿದ್ದೆಯಲ್ಲಿ.

"ಡಾಕ್ಟರಿಗೆ ನೋವು ಆಗ್ಲಿಕತ್ತದೇನು, ನಿನಗ ಆಗ್ಲಿಕತ್ತದ. ಎರಡು ಮಿನಿಟ್ ಇಟ್ಟು ತೆಗೀತೀನಿ, ಸುಮ್ಮನ ಮಲ್ಕೋ ಯವ್ವಾ."

ಗುಳಿಗೆಯ ಮಂಪರು, ಕಲ್ಲಿನ ಕಾವು, ಎರಡೂ ಸೇರಿ ಲುಂಬಿನಿಗೆ ನಿದ್ದೆ ಬಂತು. ಅವಳ ಮುಖ ಸಡಿಲಾದದ್ದನ್ನು ಕಂಡು ಭೀಮಬಾಯಿಗೆ ಕಣ್ಣು ತುಂಬಿತು. ಆ ಎರಡು ನಿಮಿಷವನ್ನು ವ್ಯರ್ಥ ಮಾಡಬಾರದೆಂದು ಪಕ್ಕದಲ್ಲೇ ಚಕ್ಕಳಮಕ್ಕಳ ಕೂತು ಕಣ್ಣು ಮುಚ್ಚಿ ಮೈತ್ರಿಯ ಧ್ಯಾನಕ್ಕೆ ತೊಡಗಿದಳು. ಸಕಲ ಜೀವಿಗಳೂ ಸುಖವಾಗಿರಲಿ. ಎಚ್ಚರವೇ ಧ್ಯಾನದ ಬೇರು ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಸಕಲ ಜೀವಿಗಳ ಸುಖ ಬಯಸುತ್ತ ಬಯಸುತ್ತ ಅವಳ ಗದ್ದ ಎದೆಗೆ ತಾಗಿತು. ಗೊರಕೆಯೂ ಬಂತೆಂದು ತೋರುತ್ತದೆ.

ಎಬ್ಬಿಸಿದ್ದು ಲುಂಬಿನಿಯ ಕೂಗು. ಟವೆಲು ಸರಿದು ಕಲ್ಲು ಚರ್ಮಕ್ಕೆ ತಾಗಿತ್ತು. ಹೊಕ್ಕುಳ ಕೆಳಗೆ ಅಂಗೈಯಗಲ ಕೆಂಪಾಗಿ, ನೋಡನೋಡುತ್ತ ನೀರುಗುಳ್ಳೆ ಎದ್ದಿತು.

ಭೀಮಬಾಯಿ ತಣ್ಣೀರಿನ ಬಟ್ಟೆ ತರಲು ಓಡಿದಳು. ಬಾವಿಗೆ ಎಸೆದು ಬಂದ ಸೂಜಿಯ ನೆನಪು ಹಿಂದೆಯೇ ಓಡಿಬಂತು. ಆ ಕಾಳಗಿಯ ಮುದುಕಿಯೇ ವಾಸಿ, ಅವಳದು ಸೂಜಿ. ಇವಳದು ಬಂಡೆ.

ಮರುದಿನ ನಸುಕಿಗೇ ಹೈದರಾಬಾದಿನ ರೈಲು ಹತ್ತಿದರು. ಸುರೇಶಕುಮಾರ ಚಿಕಿತ್ಸೆಯ ದಿನ ಆಸ್ಪತ್ರೆಗೆ ಬರುವವನಿದ್ದ. ಅವನಿಗೆ ಏನೂ ಹೇಳಿರಲಿಲ್ಲ. ಚಿತ್ತಾಪುರ ದಾಟಿತು. ಭೀಮಬಾಯಿ ದನಿ ತಗ್ಗಿಸಿ, "ಚಹಾ ಚೆಲ್ಲಿತು ಅಂದ್ರ ಹೆಂಗ?" ಎಂದಳು.

"ಹೊಕ್ಕಳದಾಗ ಚಹಾ ಕುಡೀತಿದ್ದೆನೇನ್ರಿ ನಾನು?"

"ಹಂಗಲ್ಲ..."

"ಅತ್ತಿ, ನಾಲ್ಕನೇ ಶೀಲ ಯಾವ್ದು ಹೇಳ್ರಿ?"

ಸುಳ್ಳು ಹೇಳಬಾರದೆಂಬ ಆ ಶೀಲವನ್ನು ಭೀಮಬಾಯಿ ವಾರವಾರವೂ ಊರಿಗೆಲ್ಲ ಹೇಳಿಸುತ್ತಿದ್ದಳು. ಈಗ ಕಿಟಕಿಯಾಚೆ ತೊಗರಿ ಹೊಲ ನೋಡಿದಳು. ಸೇಡಂ ಸ್ಟೇಷನ್ ಬಂದಾಗ ಇಬ್ಬರೂ ಮುಖ ಆಚೆ ಕಡೆಗೆ ತಿರುಗಿಸಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ನೋಡಿ ಕನ್ನಡಕ ತೆಗೆದಳು. "ಯಾರು ಮಾಡಿದ್ರಿದು?"

ಭೀಮಬಾಯಿ ಬಾಯಿ ತೆರೆದಳು. ಅಷ್ಟರಲ್ಲಿ ಲುಂಬಿನಿಯೇ, "ನೋವು ಭಾಳಿತ್ತು ಮೇಡಂ, ಮನ್ಯಾಗ ಕಾವು ತಗೊಂಡೆ" ಎಂದಳು.

"ಎರಡು ತಿಂಗಳು ಏನೂ ಮಾಡ್ಲಿಕ್ಕೆ ಬರಂಗಿಲ್ಲ. ಈ ಚರ್ಮದ ಮ್ಯಾಲ ಶಬ್ದ ಬಿಟ್ರ ಒಳಗ ಹೋಗೂದಿಲ್ಲ, ಇಲ್ಲೇ ನಿಂತು ಮತ್ತ ಸುಡ್ತದ. ಮೊದಲು ಇದು ಮಾಯಬೇಕು. ಕಲೆ ಗಟ್ಟಿಯಾದ್ರ ಆಗ ನೋಡಬೇಕು, ಆಗ್ತದೋ ಇಲ್ಲೋ." ರಕ್ತಸ್ರಾವ ಕಡಿಮೆಯಾಗಲು ಗುಳಿಗೆ ಬರೆದುಕೊಟ್ಟಳು. ಬಾಗಿಲವರೆಗೆ ಬಂದು, "ಅಮ್ಮಾ, ನೀವಾದ್ರೂ ಬುದ್ಧಿ ಹೇಳಬಾರದೇನು ಈಕಿಗೆ? ಹಿರಿಯರಿದ್ದೀರಿ" ಎಂದಳು.

ಹಿರಿಯಳಾದ ಭೀಮಬಾಯಿ ತಲೆಯಾಡಿಸಿದಳು.

ಸುರೇಶಕುಮಾರನಿಗೆ ಬರಬೇಡ ಎಂದು ಫೋನಿನಲ್ಲಿ ಹೇಳಿ ವಾಪಸು ಹೊರಟರು. ರೈಲು ತಾಂಡೂರು ದಾಟಿದ ಮೇಲೆ ಲುಂಬಿನಿ, ಅತ್ತೆಯ ಕಡೆ ನೋಡದೆಯೇ, "ನಿಮ್ಮ ಮರ್ಯಾದಿ ನಾ ಉಳಿಸಿದೆ. ನನ್ನ ಹೊಟ್ಟಿ ಯಾರು ಉಳಸ್ತಾರ್ರೀ?" ಎಂದಳು.

ಆ ಪ್ರಶ್ನೆಗೆ ಉತ್ತರ ಬೇಕಾದ ಸಮಯ ಅಂದು ರಾತ್ರಿಯೇ ಬಂತು. ಸುರೇಶಕುಮಾರ ಹೊಟ್ಟೆಯ ಮೇಲಿನ ಸುಟ್ಟ ಗಾಯ ನೋಡಿ ಅಲ್ಲೇ ಕೂತುಬಿಟ್ಟ. ಮನೆಯಲ್ಲಿ ಕಾವು ತಗೊಂಡಾಗ ಸುಟ್ಟಿತೆಂದು ಲುಂಬಿನಿ ಹೇಳಿದಳು. ಅವನು ನಂಬಲಿಲ್ಲ.

"ನನಗ ಹುಚ್ಚ ಮಾಡಬ್ಯಾಡ. ಆ ಮಿಷಿನ್ ಹಚ್ಚಿ ನೋಡ್ಯಾರ, ಸುಟ್ಟದ. ಮತ್ತ ಅಲ್ಲಿಗೇ ಹೋಗಬೇಕಂತ ನೀ ಮುಚ್ಚಿಡಾಕತ್ತಿ. ಅವ್ವಾ, ನೀ ಖರೆ ಹೇಳು. ಮಿಷಿನ್ದಾಗೇ ಸುಟ್ಟದಲ್ಲ?"

ಭೀಮಬಾಯಿ ಕೆಮ್ಮಿದಳು. ನೀರು ಕುಡಿದಳು. ಆಮೇಲೆ, "ಡಾಕ್ಟರ್ ಕೋಣ್ಯಾಗ ಏನೇನೋ ಮಿಷಿನ್ ಇದ್ವಪ್ಪ. ನಮ್ಮಂಥ ಹಳೇ ಮಂದಿಗಿ ಏನ್ ತಿಳೀತದ?" ಎಂದಳು.

ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಸತ್ಯದ ಒಂದು ಅಕ್ಷರವೂ ಇರಲಿಲ್ಲ. ಲುಂಬಿನಿ ಅತ್ತೆಯನ್ನು ಒಮ್ಮೆ ನೋಡಿ ಒಳಗೆ ಹೋದಳು.

ಸುರೇಶಕುಮಾರ ಸೇಡಂನ ದವಾಖಾನೆಗೆ ಫೋನು ಮಾಡಿ ಮುಂದಿನ ಸೋಮವಾರಕ್ಕೆ ಆಪರೇಷನ್ ಗೊತ್ತು ಮಾಡಿದ. ಸುದ್ದಿ ಓಣಿಯಲ್ಲಿ ಓಡಾಡಿತು. ಹೈದರಾಬಾದಿನ ಆವಾಜಿನ ಮಿಷಿನ್ನು ಭೀಮಬಾಯಿಯ ಸೊಸೆಯ ಹೊಟ್ಟೆ ಸುಟ್ಟಿತಂತೆ ಎಂದು ಒಬ್ಬರು. ಹೊಗೆ ಬಂದಿತ್ತಂತೆ ಎಂದು ಇನ್ನೊಬ್ಬರು. ನಜಮುನ್ನೀಸಾ ಕುಹಕ ಬಿಟ್ಟು ಖೀರು ತಂದುಕೊಟ್ಟು, "ಯಾ ಅಲ್ಲಾ, ನಾ ಚ್ಯಾಷ್ಟಿ ಮಾಡಿದ್ದೆ, ಹಿಂಗಾಗ್ತದಂತ ಗೊತ್ತಿರಲಿಲ್ಲ ಬಾಯಿ" ಎಂದು ಕಣ್ಣೊರೆಸಿಕೊಂಡಳು. ಎಲ್ಲರೂ ಭೀಮಬಾಯಿಯನ್ನು ಕನಿಕರದಿಂದ ನೋಡಿದರು. ಕನಿಕರ ಖೀರಿಗಿಂತ ಸಿಹಿಯಾಗಿತ್ತು. ಗಂಟಲಲ್ಲಿ ಮಾತ್ರ ಇಳಿಯುತ್ತಿರಲಿಲ್ಲ.

ಅವಳು ತನ್ನನ್ನು ಬೈದುಕೊಳ್ಳಲು ಕೂತಳು. ಆದರೆ ಬೈಗುಳ ಸಾಲಲಿಲ್ಲ. ಮನಸ್ಸಿನೊಳಗೆ ಬೈದುಕೊಳ್ಳುವುದು ಎಷ್ಟು ಸುಲಭ, ಎಷ್ಟು ಸುಖ! ಹೊಡೆಯುವವಳೂ ತಾನೇ, ಪೆಟ್ಟು ತಿನ್ನುವವಳೂ ತಾನೇ, ಕೈ ಮೆತ್ತಗೇ ಬೀಳುತ್ತದೆ. ಭೀಮಶ್ಯಾ ಇದ್ದಿದ್ದರೆ ನಾಲ್ಕು ಜನರ ಮುಂದೆ ಬೈಯುತ್ತಿದ್ದ. ಸೋಮವಾರ ಲುಂಬಿನಿ ಸೇಡಂಗೆ ಹೋಗುವುದು ಗಡ್ಡೆಗಾಗಿಯಲ್ಲ, ಒಬ್ಬ ಮುದುಕಿಯ ಮಾನ ಉಳಿಯಲೆಂದು. ಅಷ್ಟು ದೊಡ್ಡ ಬೆಲೆಗೆ ಕೊಳ್ಳುವಂಥ ಮಾನವೇ ಇದು? ಸಂತೆಯಲ್ಲಿಟ್ಟರೆ ಒಂದು ಕಟ್ಟು ಮೆಂತ್ಯವೂ ಬರಲಿಕ್ಕಿಲ್ಲ.

ಸೋಮವಾರಕ್ಕೆ ಮುಂಚಿನ ಭಾನುವಾರ ವಿಹಾರ ತುಂಬಿತ್ತು. ಸುರೇಶಕುಮಾರ ಬರುವವನಲ್ಲ, ಅವ್ವ ಕೈಹಿಡಿದು ಕರೆದುದಕ್ಕೆ ಬಂದು ಗಂಡಸರ ಸಾಲಿನ ಹಿಂದೆ ಕೂತಿದ್ದ. ನಜಮುನ್ನೀಸಾಳನ್ನೂ ಭೀಮಬಾಯಿ ಬಲವಂತದಿಂದ ಕರೆತಂದು ಬಾಗಿಲ ಬಳಿ ಕೂರಿಸಿದ್ದಳು. ವಂದನೆ ಆಯಿತು. ಪಂಚಶೀಲ ಹೇಳಿಸುವಾಗ ನಾಲ್ಕನೆಯದಕ್ಕೆ ಅವಳ ದನಿ ಒಡೆಯಿತು. ಜನ ದುಃಖ ಎಂದುಕೊಂಡರು. ಮುಗಿದ ಮೇಲೆ ಅವಳು ಸೆರಗಿನ ಒಳಗಿನಿಂದ ಕಲ್ಲಿನ ಚೂರನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನಮ್ಮ ಲುಂಬಿನಿ ಹೊಟ್ಟಿ ಸುಟ್ಟ ಮಿಷಿನ್ ನೋಡ್ರಿ ಇದು."

ಯಾರಿಗೂ ತಿಳಿಯಲಿಲ್ಲ.

"ಹೈದರಾಬಾದಿಂದಲ್ಲ, ಶಹಾಬಾದಿಂದು. ಕರೆಂಟ್ ಬ್ಯಾಡ, ಡಾಕ್ಟರ್ ಬ್ಯಾಡ. ಒಂದು ಒಲಿ, ಒಬ್ಬಾಕಿ ಶಾಣ್ಯಾಕಿ ಅತ್ತಿ ಇದ್ರ ಸಾಕು. ಅಲ್ಲಿ ಆಕಿಗೆ ಯಾರೂ ಮಿಷಿನ್ ಮುಟ್ಟಿಸಿಲ್ಲ. ನಾ ಕಾಸಿ ಇಟ್ಟೆ, ಇಟ್ಟು ಧ್ಯಾನಕ್ಕ ಕುಂತೆ, ಕುಂತು ನಿದ್ದಿ ಹೊಡದೆ. ಊರಿಗೆಲ್ಲ ಬರೆ ಹಾಕಬ್ಯಾಡ್ರಿ ಅಂದಾಕಿ ಮನ್ಯಾಗ ಸೊಸಿಗಿ ಬರೆ ಹಾಕೀನಿ. ಆಕಿ ನನ್ನ ಸಲುವಾಗಿ ಬಾಯಿ ಮುಚ್ಚಿದಳು. ನಾನೂ ಮುಚ್ಚಿದ್ದೆ. ಡಾಕ್ಟರಮ್ಮ ಎರಡು ತಿಂಗಳು ತಡೀರಿ ಅಂದಾಳ ಅಷ್ಟೇ, ಆಗಂಗಿಲ್ಲ ಅಂದಿಲ್ಲ."

ಆಮೇಲೆ ಹಿಂದಿನ ಸಾಲಿನ ಮುದುಕಿಯೊಬ್ಬಳು ನಿಧಾನವಾಗಿ ಕೇಳಿದಳು: "ಅಲ್ಲ ಬಾಯಿ, ಕಾಳಗ್ಯಾಗ ಆ ಮುದಕಿ ಕೈಯಾಗಿಂದು ಕುಡಗೋಲ ಕಸಗೊಂಡಿದ್ದೆಲ್ಲ..."

"ಸೂಜಿ" ಎಂದಳು ಭೀಮಬಾಯಿ. "ಅದು ಸೂಜಿ ಇತ್ತು ಯವ್ವಾ. ಕುಡಗೋಲ ನಾ ಮಾಡಿದ್ದು."

ಬಾಗಿಲ ಬಳಿಯಿಂದ ನಜಮುನ್ನೀಸಾಳ ನಗು ಮೊದಲು ಸಿಡಿಯಿತು. "ನನ್ನ ಖೀರು ವಾಪಸ್ ಕೊಡು!" ಎಂದು ಅವಳು ಕೂಗಿದ್ದೇ ತಡ, ವಿಹಾರವೆಲ್ಲ ನಕ್ಕಿತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಗಂಡಸರು ತೊಡೆ ತಟ್ಟಿ ನಕ್ಕರು. ಭೀಮಬಾಯಿ ಕಲ್ಲು ಹಿಡಿದು ನಿಂತೇ ಇದ್ದಳು. ಇದು ಬೈಗುಳವಲ್ಲ, ಆದರೆ ಅದರ ಹತ್ತಿರದ ನೆಂಟ. ಒಂದು ವರ್ಷದ ಮೇಲೆ ಯಾರೋ ಅವಳನ್ನು ಸರಿಯಾಗಿ ನೋಡಿದಂತಾಯಿತು.

ನಗದವರು ಇಬ್ಬರೇ. ಲುಂಬಿನಿ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಸುರೇಶಕುಮಾರ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮನೆಯಲ್ಲಿ ಅವನು ಉಂಡ. ತಾಟಿನಲ್ಲೇ ಕೈ ತೊಳೆದ. ಆಮೇಲೆ ಗೋಡೆಯ ಕಡೆ ನೋಡುತ್ತ, "ನಾಳಿ ಸೇಡಂಗ ಬರಂಗಿಲ್ಲಂತ ಹೇಳ್ತೀನಿ" ಎಂದ. ಹೆಂಡತಿಗೆ, "ನೀ ಹೇಳಿದ್ದು ನಾ ನಂಬಬೇಕಿತ್ತು" ಎಂದ. ತಾಯಿಗೆ ಏನೂ ಹೇಳಲಿಲ್ಲ. ಅವಳ ಜೊತೆ ಮತ್ತೆ ಸರಾಗ ಮಾತಾಡಲು ಅವನಿಗೆ ಹಲವು ದಿನ ಹಿಡಿಯಿತು. ಭೀಮಬಾಯಿ ಅದನ್ನು ನ್ಯಾಯವೆಂದೇ ಒಪ್ಪಿಕೊಂಡಳು.

ಎರಡು ತಿಂಗಳು ಸುಲಭವಾಗಿರಲಿಲ್ಲ. ಗುಳಿಗೆಯಿಂದ ರಕ್ತ ಹೋಗುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಗಾಯ ಮಾಯ್ದು ಕಂದುಬಣ್ಣದ ಕಲೆ ಉಳಿಯಿತು. ಈ ಸಲ ಮೂವರೂ ಹೋದರು. ಬಾಗಿಲು ದಾಟಿದ ಕೂಡಲೇ ಭೀಮಬಾಯಿ, ಯಾರೂ ಕೇಳದಿದ್ದರೂ, "ಹೋದ ಸಲ ಸುಟ್ಟಾಕಿ ನಾನೇರಿ ಡಾಕ್ಟರಮ್ಮ, ಈಕಿ ಅಲ್ಲ" ಎಂದಳು.

"ನನಗ ಅವತ್ತೇ ಗೊತ್ತಾಗಿತ್ತಮ್ಮಾ" ಎಂದಳು ಡಾಕ್ಟರಮ್ಮ. "ಸ್ವಂತ ಹೊಟ್ಟಿಗಿ ಯಾರೂ ಅಷ್ಟು ಬಿಸಿ ಇಟ್ಟುಕೊಳ್ಳಂಗಿಲ್ಲ."

ಕಲೆಯ ಜಾಗ ಬಿಟ್ಟು ಬೇರೆ ಓರೆಯಿಂದ ಶಬ್ದ ಬಿಡಬೇಕಾಗುತ್ತದೆ, ಪೂರ್ತಿ ಸಿಗಲಿಕ್ಕಿಲ್ಲ, ಆದರೆ ಮಾಡಬಹುದು ಎಂದಳು. ಲುಂಬಿನಿ ಆ ದೊಡ್ಡ ಯಂತ್ರದ ಮಂಚದ ಮೇಲೆ ಬೋರಲಾಗಿ ಮಲಗಿದಳು. ಸುಡುತ್ತಿದೆ ಅನಿಸಿದರೆ ಒತ್ತಲು ಅವಳ ಕೈಗೆ ಒಂದು ಗುಂಡಿ ಕೊಟ್ಟರು. ಒತ್ತಿದ ಕೂಡಲೇ ಎಲ್ಲವೂ ನಿಲ್ಲುತ್ತದೆ. ಅದನ್ನು ಕಂಡು ಭೀಮಬಾಯಿಗೆ, ಅತ್ತೆಯಂದಿರಿಗೂ ಇಂಥದೊಂದು ಗುಂಡಿಯಿಟ್ಟು ಕಳಿಸಿದ್ದರೆ ಲೋಕ ಎಷ್ಟು ಸುಖವಾಗಿರುತ್ತಿತ್ತು ಅನಿಸಿತು.

ಹೊರಗೆ ಬೆಂಚಿನ ಮೇಲೆ ತಾಯಿ ಮಗ ಕೂತರು. ಬೆಳಿಗ್ಗೆ ಹೋಗಿ ಮಧ್ಯಾಹ್ನವಾಯಿತು. ಭೀಮಬಾಯಿ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಮಗ ಏನೆಂದುಕೊಂಡಾನೋ ಎಂಬ ಭಯ. ಕಣ್ಣು ತೆರೆದುಕೊಂಡೇ, ಬೇಡಲು ಯಾವ ದೇವರೂ ಇಲ್ಲದ ತನ್ನ ಧರ್ಮದಲ್ಲಿ ಬೇಡುವುದು ಹೇಗೆಂದು ತಿಳಿಯದೆ, ಆಕಿ ಸುಖವಾಗಿರಲಿ, ಆಕಿ ಸುಖವಾಗಿರಲಿ ಎಂದಷ್ಟೇ ಹೇಳಿಕೊಂಡಳು. ಸಕಲ ಜೀವಿಗಳು ಅಂದಿನ ಮಟ್ಟಿಗೆ ಕಾಯಬೇಕಾಯಿತು.

ಡಾಕ್ಟರಮ್ಮ ಹೊರಗೆ ಬಂದು ಟೋಪಿ ತೆಗೆದಳು. "ಮುಕ್ಕಾಲು ಭಾಗ ಸತ್ತದ. ಮೆಲ್ಲಗ ಕರಗ್ತಾ ಹೋಗ್ತದ, ರಕ್ತ ಹೋಗೂದು ಕಡಿಮಿ ಆಗ್ತದ. ಚೀಲಕ್ಕ ಏನೂ ಆಗಿಲ್ಲ. ಕಲೆಯ ಹಿಂದ ಒಂದು ಚೂರು ಬಿಟ್ಟೀನಿ. ಅದು ಮತ್ತ ಬೆಳದ್ರ ಬೆಳೀಬಹುದು, ನೋಡಬೇಕು." ಭೀಮಬಾಯಿಯ ಕಡೆ ತಿರುಗಿ, "ಆ ಚೂರು ನಿಮ್ಮ ಪಾಲಿಂದಮ್ಮಾ" ಎಂದಳು.

ಸುರೇಶಕುಮಾರ ಕೈಮುಗಿದು ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅದುರುತ್ತಿತ್ತು.

ಸಂಜೆ ಲುಂಬಿನಿ ದಿಂಬಿಗೆ ಒರಗಿ ಕೂತು, ಹಸಿವೆ ಎಂದಳು. ಭೀಮಬಾಯಿ ನರ್ಸನ್ನು ಹುಡುಕಿಕೊಂಡು ಹೋಗಿ, ಇಡ್ಲಿ ಕೊಡಬಹುದೇ ಎಂದು ಕೇಳಿ ಬಂದಳು. ಚಟ್ನಿ ಕೊಡಬಹುದೇ ಎಂದು ಮತ್ತೆ ಹೋಗಿ ಕೇಳಿದಳು. ಹೊದಿಕೆ ಹೊದಿಸಬಹುದೇ, ಕಿಟಕಿ ತೆಗೆಯಬಹುದೇ ಎಂದು ಮೂರನೆಯ ಸಲ ಹೋದಾಗ ನರ್ಸು, "ಉಸಿರಾಡಬಹುದು ಅಂತನೂ ಹೇಳಿಬಿಡ್ತೀನಿ, ಹೋಗ್ರಮ್ಮಾ" ಎಂದಳು.

ಇಡ್ಲಿ ಬಂತು. ಭೀಮಬಾಯಿ ಅದನ್ನು ತುಂಡು ಮಾಡಿ, ಊದಿ, ಬೆರಳಿಂದ ಮುಟ್ಟಿ ನೋಡಿದಳು. ತನ್ನ ಬೆರಳನ್ನು ನಂಬದೆ ಮತ್ತೆ ಊದಿದಳು. ಫ್ಯಾನಿನ ಕೆಳಗೆ ಹಿಡಿದಳು. ಕೊನೆಗೆ ಸೊಸೆಯ ಬಾಯಿಗೆ ಒಂದು ತುಂಡು ಇಟ್ಟಳು.

ಲುಂಬಿನಿ ಅಗಿದು, ಮುಖ ಕಿವುಚಿದಳು. "ಅತ್ತಿ, ಬರ್ಫ್ ಆಗ್ಯದ್ರಿ ಇದು. ಬಿಸಿ ಬಿಸಿ ತರ್ರಿ."

ಭೀಮಬಾಯಿ ತಾಟು ಹಿಡಿದು ಸೊಸೆಯ ಮುಖ ನೋಡಿದಳು. ಅವಳು ನಗುತ್ತಿದ್ದಳೋ, ಹಸಿದಿದ್ದಳೋ, ಎರಡೂ ಇರಬಹುದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾಂಟೀನಿಗೆ ಇಳಿದಳು. ಅಲ್ಲಿ ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದವನಿಗೆ, ಹಬೆಯ ಈಚೆ ನಿಂತು, ಬಹಳ ಗಂಭೀರವಾಗಿ ಕೇಳಿದಳು:

"ಯಪ್ಪಾ, ಬಿಸಿ ಅಂದ್ರ ನಿಮ್ಮ ಕಡಿ ಎಷ್ಟು?"